ಕಚ್ಚುವ ನೀರು

"ರೀ, ಮೀನಿನ ತೊಟ್ಟಿ ನೀರು ಇವತ್ತು ಜೋರಾಗೇ ಕಚ್ತು," ಎಂದಳು ಹೆಂಡತಿ, ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಿಂಡುತ್ತಾ.

ಆಗಷ್ಟೇ ಕೆಲಸದಿಂದ ಬಂದಿದ್ದ ಎಲೆಕ್ಟ್ರಿಷಿಯನ್‌ಗೆ ನಗು ಬಂತು. ಊರವರ ಮನೆಗೆಲ್ಲ ವೈರಿಂಗ್ ಮಾಡುವವನ ಮನೆಯಲ್ಲಿ ನೀರು ಕಚ್ಚುತ್ತದಂತೆ. ತೊಟ್ಟಿಯ ನೀರು ನಿಂತಲ್ಲೇ ನಿಂತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದಾಗ, ಕೆಟ್ಟುಹೋದ ಕೂಲರಿನ ಪಂಪು ಬಿಚ್ಚಿ ಒಳಗಿಟ್ಟು ನೀರು ಸುತ್ತುವ ಹಾಗೆ ಮಾಡಿದವನು ಅವನೇ. ಸೀಳಿದ್ದ ವೈರಿಗೆ ಟೇಪು ಸುತ್ತಿದವನೂ ಅವನೇ. ಪಂಪಿನ ಬಾಯಿಗೆ ಕಟ್ಟಿಕೊಳ್ಳುವ ಕಸ ತೆಗೆಯುವ ಕೆಲಸ ಮಾತ್ರ ಅವಳದು. ಅದಕ್ಕೊಂದು ಕಟ್ಟಪ್ಪಣೆಯೂ ಇತ್ತು: ಪಂಪು ಆರಿಸಕೂಡದು, ನೀರಿನ ಓಟ ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ.

"ನೀರಲ್ಲಿ ಕರೆಂಟಿದ್ದಿದ್ರೆ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿರ್ಲಿಲ್ವಾ? ಅವೇನಾದ್ರೂ ಹೇಳ್ತಿವೆಯಾ?"

"ಮೀನು ಹೇಳಲ್ಲ. ನಾನು ಹೇಳ್ತಿದ್ದೀನಿ."

"ಮೊನ್ನೆ ನಿನ್ನೆದುರೇ ಕೈ ಹಾಕಿ ಏನೂ ಇಲ್ಲ ಅಂತ ತೋರಿಸಿದ್ನಲ್ಲ, ಏನಾದ್ರೂ ಆಯ್ತಾ?"

"ಇಲ್ಲ. ಅದಕ್ಕೇ ನಾನೂ ಸುಮ್ಮನಾದೆ."

"ಇನ್ನೊಂದ್ಸಲ ನೋಡ್ಕೋ, ನಿನ್ನ ಸಮಾಧಾನಕ್ಕೆ," ಎಂದು ಅಂಗಿಯ ತೋಳು ಮಡಚಿ ಹೊರಟ.

"ಚಪ್ಪಲಿ ಅಲ್ಲೇ ಬಿಡಿ. ಈಗಷ್ಟೇ ಒರೆಸಿದ್ದೀನಿ."

ಹಿಮ್ಮಡಿ ಒಡೆದಿದ್ದರಿಂದ ಮನೆಯೊಳಗೂ ರಬ್ಬರ್ ಚಪ್ಪಲಿ ಬಿಡದವನು ಗೊಣಗುತ್ತಲೇ ಕಳಚಿಟ್ಟು, ಒದ್ದೆ ನೆಲದ ಮೇಲೆ ಹೆಜ್ಜೆ ಹಾಕಿ ತೊಟ್ಟಿಗೆ ಕೈ ಇಳಿಬಿಟ್ಟ. ಬೆರಳು ನೀರಿಗೆ ತಾಕಿದ್ದೇ ತಡ, ಹೆಗಲಿನವರೆಗೂ ಯಾರೋ ನರ ಹಿಡಿದು ಜಗ್ಗಿದಂತಾಯಿತು. ಹಿಂದಕ್ಕೆ ಹಾರಿ ಗೋಡೆಗೆ ಬಡಿದುಕೊಂಡು ಅಲ್ಲೇ ಕುಸಿದು ಕುಳಿತ. ಅವಳು ಓಡಿಹೋಗಿ ಸ್ವಿಚ್ಚು ಆರಿಸಿದಳು. ಸುತ್ತುತ್ತಿದ್ದ ನೀರು ನಿಧಾನವಾಗಿ ನಿಂತಿತು.

ಅವನ ಕಣ್ಣು ಬಾಗಿಲ ಬಳಿಯ ತನ್ನ ಚಪ್ಪಲಿಗೆ ಹೋಯಿತು, ಆಮೇಲೆ ಒದ್ದೆ ನೆಲದ ಮೇಲಿದ್ದ ಅವಳ ಬರಿಗಾಲಿಗೆ. ಇಷ್ಟು ದಿನ ತನ್ನನ್ನು ಕಾಪಾಡಿದ್ದು ಕಲಿತ ವಿದ್ಯೆಯಲ್ಲ, ಸವೆದ ಆ ರಬ್ಬರು. ಅವಳಿಗೆ ಅದೂ ಇರಲಿಲ್ಲ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಭಯ.

"ನಿಂಗೆ ದಿನಾ ಹೀಗೇ ಹೊಡೀತಿತ್ತಾ?"

"ಮೊದಮೊದಲು ಜುಮ್ ಅಂತಿತ್ತು. ಈಚೀಚೆಗೆ ಹೆಚ್ಚು."

"ಮತ್ತೆ ದಿನಾ ಯಾಕೆ ಕೈ ಹಾಕ್ದೆ?"

ಅವಳು ಅವನ ಒದ್ದೆ ಕೈಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಏನೂ ಇಲ್ಲ ಅಂದ್ರಲ್ಲ ನೀವು," ಎಂದಳು. "ಏನೂ ಇಲ್ಲ ಅಂದ್ರೆ ಇಷ್ಟಿರುತ್ತೆ ಅಂದ್ಕೊಂಡಿದ್ದೆ."