ಸೇವಂತಿಗೆಯ ಕೊನೆಯ ಸಾಲು

ಪೈಪು ಕಾಯಿಸುವ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನಗೆ ಈಗಲೂ ನಾವುಂದದ ನಮ್ಮ ಸೇವಂತಿಗೆ ತೋಟದ ಆ ಮಧ್ಯಾಹ್ನವೇ ಎದುರು ಬಂದು ನಿಲ್ಲುತ್ತದೆ.

ಬಾವಿ ಮನೆಯ ಹತ್ತಿರವಿತ್ತು. ಅಮ್ಮ ಸೊಂಟದ ಮೇಲೆ ಕೊಡಪಾನ ಇಟ್ಟುಕೊಂಡು, ಕಾಲು ಹೂತುಹೋಗುವ ಹೊಯ್ಗೆಯಲ್ಲಿ ನಡೆದು ಕೊನೆಯ ಸಾಲಿಗೂ ನೀರು ಹೊರುತ್ತಿದ್ದಳು. ಅದರಾಚೆಗೂ ಜಾಗ ನಮ್ಮದೇ, ಆದರೆ ಬರೀ ಮುಳ್ಳುಕಂಟಿ. ತೋಟ ಅಂದರೆ ಅಷ್ಟೇ ಅಂತ ನಾನು ತಿಳಿದಿದ್ದೆ.

ಆ ದಿನ ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಹಳೇ ಪೈಪುಗಳನ್ನು ಹೊತ್ತು ತಂದರು. ತೆಂಗಿನ ಮಡಲಿಗೆ ಬೆಂಕಿ ಕೊಟ್ಟು, ಪೈಪಿನ ಬಾಯಿ ಕಾಯಿಸಿ, ಅದು ಮೆತ್ತಗಾದದ್ದೇ ಇನ್ನೊಂದನ್ನು ಒಳಗೆ ತುರುಕಿದರು. ಹೀಗೆ ಒಂದಕ್ಕೊಂದು ಸೇರಿಸುತ್ತಾ ಕೊನೆಯ ಸಾಲು ಮುಟ್ಟಿಸಿ, ಮೋಟಾರು ಹಾಕಲು ಬಾವಿಕಟ್ಟೆಗೆ ಓಡಿದರು.

"ಹೆಣೇ, ನೀರ್ ಬಂತಾ?" ಕೊನೆಯ ಸಾಲಿನಲ್ಲಿ ನಿಂತಿದ್ದ ನನ್ನನ್ನು ಅಲ್ಲಿಂದಲೇ ಕೂಗಿ ಕೇಳಿದರು.

ನಾನು ಪೈಪಿಗೆ ಕಿವಿ ಕೊಟ್ಟೆ. "ಎಂತದೂ ಇಲ್ಲ ಮಾವಾ, ಬರೀ ಗಾಳಿ!"

"ಇಷ್ಟ್ ದೂರ ಎಲ್ಲಿಂದ ಬತ್ತ್?" ಎನ್ನುತ್ತಾ ಅಮ್ಮ ಕೊಡಪಾನ ಎತ್ತಿಕೊಂಡಳು. ಅಷ್ಟರಲ್ಲಿ ಪೈಪು ಕೆಮ್ಮಿತು. ಬಿಸಿಲಿಗೆ ಕಾದಿದ್ದ ಅದರೊಳಗಿಂದ ಮೊದಲು ಬಿಸಿನೀರು, ಆಮೇಲೆ ತಣ್ಣೀರು ಚಿಮ್ಮಿ ನನ್ನ ಲಂಗವನ್ನೆಲ್ಲ ತೋಯಿಸಿತು.

ಅಮ್ಮ ಕೊಡಪಾನ ಕೆಳಗಿಟ್ಟಳು. ಹೊಯ್ಗೆಯಲ್ಲಿ ನಡೆದು ನಡೆದು ಒಡೆದ ತನ್ನ ಕಾಲನ್ನು ಆ ನೀರಿಗೆ ಒಡ್ಡಿ ಸುಮಾರು ಹೊತ್ತು ನಿಂತಳು. ಆಮೇಲೆ ತಲೆಯೆತ್ತಿ ಮುಳ್ಳುಕಂಟಿಯತ್ತ ನೋಡಿದಳು.

"ಹ್ವಾಯ್ ಅಣ್ಣಯ್ಯ, ಇತ್ಲಾಗೆ ಬಪ್ಪತಿಗೆ ಕತ್ತಿ ತಕಂಡ್ ಬಾ. ಇಲ್ಲಿ ಇನ್ನೆರಡ್ ಸಾಲ್ ನೆಡ್ಲಕ್ಕ್."