ಟಿಂಕರ್‌ನ ಹಲ್ಲು

ನಾಯಿ ಟಿಂಕರ್‌ನ ಮೂತಿ ಸೋಪಿನ ವಾಸನೆ ಹೊಡೆಯುತ್ತಿತ್ತು. ಹೆಸ್ಟರ್ ಬಗ್ಗಿದವಳು ಹಾಗೇ ನಿಂತಳು. ತನ್ನ ಗಂಡ ಇಲಾಯಸ್ ಟಿಂಕರ್‌ಗೆ ಒಂದು ದಿನವೂ ಸ್ನಾನ ಮಾಡಿಸಿದವನಲ್ಲ.

ಅಂಗಳದಲ್ಲಿ ಸಾಹುಕಾರರ ಕುರಿ ಕಾಯುವ ಗೋರಿಂಜ್, ಉರುಳಿಗೆ ಬಿದ್ದ, ನಾಯಿಯಷ್ಟೇ ಗಾತ್ರದ ಟಾಸ್ಮೇನಿಯದ ಹುಲಿಯನ್ನು ಬೇಲಿಗೆ ಬಿಗಿದು ಬಂದೂಕಿಗೆ ತೋಟಾ ತುಂಬುತ್ತಿದ್ದ. ಅದರ ಬೆನ್ನಿನ ಮೇಲೆ ಕಪ್ಪು ಪಟ್ಟೆ, ಹೊಟ್ಟೆಯ ಚೀಲದಲ್ಲಿ ಮಿಸುಕುವ ಮರಿಗಳು. "ಕುರಿ ತಿನ್ನೋ ಕಳ್ಳಿ ಕೊನೆಗೂ ಸಿಕ್ಕಿದ್ಲು!" ಎಂದು ನಗುತ್ತಿದ್ದ.

"ನಾಯಿ ಮೂತಿ ಯಾಕ್ ತೊಳ್ದೆ?" ಎಂದು ಹೆಸ್ಟರ್ ಗಂಡನನ್ನು ಕೇಳಿದಳು.

"ಕೆಸರಾಗಿತ್ತು ಕಣೆ."

ಹೊರಗೆ ನೆಲವೆಲ್ಲ ಹಿಮ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅವಳು ಟಿಂಕರ್‌ನ ತುಟಿ ಎತ್ತಿ ನೋಡಿದಳು. ದವಡೆಯ ಸಂದಿಯಲ್ಲಿ ರಕ್ತ ಮೆತ್ತಿದ ಉಣ್ಣೆ ಸಿಕ್ಕಿಕೊಂಡಿತ್ತು.

"ಬಾಯ್ಮುಚ್ಕೊಂಡಿರು," ಇಲಾಯಸ್ ಪಿಸುಗುಟ್ಟಿದ. "ಗೊತ್ತಾದ್ರೆ ಟಿಂಕರ್‌ನ ಗುಂಡಿಟ್ಟು ಕೊಂದ್ಬಿಡ್ತಾರೆ."

ಟಿಂಕರ್ ಅವಳ ಕೈ ನೆಕ್ಕಿತು. ಹೆಸ್ಟರ್ ಅಳುತ್ತಲೇ ಅದರ ಕೊರಳಪಟ್ಟಿ ಹಿಡಿದು ಅಂಗಳಕ್ಕೆ ಎಳೆದು ತಂದಳು. "ತಡಿ ಗೋರಿಂಜ್! ಕುರಿ ತಿಂದಿದ್ದು ಇದು. ಬಾಯಿ ನೋಡು!"

ಗೋರಿಂಜ್ ನಾಯಿಯತ್ತ ಕಣ್ಣು ಕೂಡ ಹಾಯಿಸಲಿಲ್ಲ. "ಗೊತ್ತು ಕಣಮ್ಮ," ಎಂದ. "ಆದ್ರೆ ಹುಲಿಗೆ ಕೊಡೋ ಇನಾಮು ನಾಯಿ ಕೊಂದ್ರೆ ಸರ್ಕಾರ ಕೊಡುತ್ತಾ?"

ಅವನು ಬಂದೂಕು ಎತ್ತಿದ. ಹೆಸ್ಟರ್ ನಾಯಿಯನ್ನು ಬಿಟ್ಟು, ಹೋಗಿ ಹುಲಿಗೆ ಅಡ್ಡ ನಿಂತಳು.