ವಿಶೇಷ

ಮದುವೆಯಾದ ಆರು ವರ್ಷದಿಂದ ಎದುರಾದವರೆಲ್ಲ “ಏನಾದ್ರೂ ವಿಶೇಷನಾ?” ಎಂದು ಕೇಳಿ ಕೇಳಿ ವಾರಿಜಳ ಜೀವ ಹಿಂಡಿದ್ದರು. ಕೊನೆಗೂ ಮುಟ್ಟು ನಿಂತಿತು.

“ಮೂರು ತಿಂಗಳು ತುಂಬೋವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಮ್ಮ, ದೃಷ್ಟಿಯಾಗತ್ತೆ,” ಎಂದು ಅತ್ತೆ ಕೈ ಹಿಡಿದು ಹೇಳಿದಳು. ಆ ಮನೆಯಲ್ಲಿ ಅಂಥ ಅಕ್ಕರೆ ಕಂಡದ್ದು ಅದೇ ಮೊದಲು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಿದರೂ ವಾರಿಜ ಬಾಯಿಗೆ ಸೆರಗು ಒತ್ತಿಕೊಂಡಳು, ತವರಿಗೂ ತಿಳಿಸಲಿಲ್ಲ.

ಮೂರು ತಿಂಗಳು ತುಂಬುವ ಮೊದಲೇ ಗರ್ಭ ಇಳಿದುಹೋಯಿತು.

ಆಸ್ಪತ್ರೆಯಿಂದ ಬಂದು ಮಲಗಿದ್ದವಳನ್ನು ಕಂಡು ಪಕ್ಕದ ಮನೆಯಾಕೆ ಕಣ್ಣರಳಿಸಿದಳು. “ಏನ್ರೀ, ಸೊಸೆ ಹಗಲು ಹೊತ್ತಲ್ಲೇ ಮಲಗಿದ್ದಾಳೆ? ವಿಶೇಷನಾ?”

ವಾರಿಜ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಣೆ ಚಚ್ಚಿಕೊಂಡಳು.

“ಎಲ್ಲೀ ವಿಶೇಷ! ಇಷ್ಟು ವರ್ಷದಲ್ಲಿ ಇವಳಿಗೆ ಒಂದ್ಸಲಾನಾದ್ರೂ ಮುಟ್ಟು ನಿಂತಿದ್ರೆ ತಾನೆ?”